ಮೂರನೆಯ ಕಿಟಕಿಯ ತಿರುಗಿಹೇಳಕ್ಕ

ಬೆಳಕು ಇನ್ನೂ ಆಸ್ಪತ್ರೆಯ ಮೇಲಿನ ನೀರಿನ ತೊಟ್ಟಿಯನ್ನಷ್ಟೇ ಮುಟ್ಟಿದೆ, ನೆಲಕ್ಕೆ ಇಳಿದಿಲ್ಲ. ಹೊರರೋಗಿಗಳ ಕಟ್ಟಡದ ಉದ್ದನೆಯ ಮೊಗಸಾಲೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಮೂರನೆಯ ಕಿಟಕಿಯ ಗಾಜನ್ನು ಹಳೆಯ ಪತ್ರಿಕೆಯ ಒದ್ದೆ ಹಾಳೆಯಿಂದ ಒರೆಸುತ್ತಿರುವ ಹೆಂಗಸನ್ನು ಕಂಡವರು, ಗುಡಿಸಿ ಸಾರಿಸಲು ಬಂದವರಿರಬೇಕೆಂದು ತಿಳಿದು ಮುಂದೆ ಹೋಗುತ್ತಾರೆ. ಒರೆಸುವ ಕೆಲಸ ನಿಜಕ್ಕೂ ಅವರದಲ್ಲ. ಆದರೆ ಒರೆಸದೆ ಅವರು ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಿಲ್ಲ. "ಗಾಜು ಮಸುಕಾಗಿದ್ರೆ ಜನಕ್ಕೆ ನನ್ನ ಬಾಯಿ ಕಾಣಲ್ಲ. ಮಾತು ಅರ್ಧ ಕಿವಿಗೆ ಕೇಳ್ಸೋದು, ಇನ್ನರ್ಧ ಕಣ್ಣಿಗೆ," ಎನ್ನುತ್ತಾರೆ.

ಗಾಜಾದ ಮೇಲೆ ಯಂತ್ರದ ಸರದಿ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಬೆರಳಚ್ಚಿನ ಯಂತ್ರವನ್ನು ಸೆರಗಿನ ತುದಿಯಿಂದ ಒರೆಸಿ, ತಮ್ಮ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡುತ್ತಾರೆ. ಹಸಿರು ದೀಪ ಹತ್ತುತ್ತದೆ. ಕಣ್ಣು ಮುಚ್ಚಿ, ತುಟಿ ಅಲುಗದಂತೆ ಭಗವಂತನನ್ನು ಒಂದು ಗಳಿಗೆ ನೆನೆದು, ಕಿಟಕಿಯ ಚಿಲಕ ತೆಗೆಯುತ್ತಾರೆ. ಹೊರಗೆ ಬೆಂಚುಗಳ ಮೇಲೆ ಆಗಲೇ ಜನ ಒಬ್ಬರ ಹೆಗಲಿಗೊಬ್ಬರು ಒರಗಿ ತೂಕಡಿಸುತ್ತಿದ್ದಾರೆ.

ಈ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲನೆಯ ಕಿಟಕಿ ಚೀಟಿ ಕೊಡುತ್ತದೆ. ಎರಡನೆಯದು ಯಾವ ವೈದ್ಯರನ್ನು ಕಾಣಬೇಕೆಂದು ಹೇಳುತ್ತದೆ. ಮೂರನೆಯದು ಸರ್ಕಾರದ ಆರೋಗ್ಯ ವಿಮೆಯದು. ಯಾವ ಚಿಕಿತ್ಸೆಗೆ ವಿಮೆ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ, ರೋಗಿ ತನ್ನ ಗಂಟಿನಿಂದ ಎಷ್ಟು ಬಿಚ್ಚಬೇಕು ಎಂಬುದನ್ನು ಇಲ್ಲಿ ತಿಳಿಸಿ, ಕಾರ್ಡಿನವರು ಇವರೇ ಎಂಬುದನ್ನು ಬೆರಳಚ್ಚಿನಿಂದ ಖಚಿತಪಡಿಸಿಕೊಂಡು, ವಿಮೆಯ ಕಚೇರಿಯಿಂದ ಒಪ್ಪಿಗೆ ತರಿಸಬೇಕು. ಐವತ್ತರ ಗಡಿ ದಾಟಿದ ಈ ತಾಯಿಗೆ ಕಚೇರಿಯಲ್ಲಿರುವ ಹೆಸರು ವಿಮಾ ಸಹಾಯಕಿ. ಜನರ ಬಾಯಲ್ಲಿ ಮಾತ್ರ ಅವರು ತಿರುಗಿಹೇಳಕ್ಕ.

ಆ ಹೆಸರು ಬಂದ ಬಗೆ ಸರಳವಾದದ್ದು. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅವರು ಗಾಜಿನ ತೂತಿಗೆ ಬಾಯಿ ತಂದು "ಎಲ್ಲಿ, ಈಗ ತಿರುಗಿ ಹೇಳಿ" ಎನ್ನುತ್ತಾರೆ. ಕೇಳಿದ್ದನ್ನು ಒಪ್ಪಿಸದೆ ಯಾರೂ ಅಲ್ಲಿಂದ ಕದಲುವಂತಿಲ್ಲ. ಅದರಲ್ಲೂ ಒಂದು ಕ್ರಮವಿದೆ. ಹೇಳುವಾಗ ಅವರು ವಿಮೆಯಲ್ಲಿ ಇರುವುದನ್ನು ಮೊದಲು, ಇಲ್ಲದ್ದನ್ನು ಕೊನೆಗೆ ಹೇಳುತ್ತಾರೆ. ಕೇಳುವಾಗ ಮಾತ್ರ ಇಲ್ಲದ್ದನ್ನೇ ಮೊದಲು ಹೇಳಿಸುತ್ತಾರೆ. ಇರುವುದು ಹೇಗೂ ನೆನಪಿರುತ್ತದೆ, ಸಿಹಿ ಮಾತನ್ನು ಯಾರೂ ಮರೆಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಪೂರ್ವಿಕರು ವಿದ್ಯೆಯನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದ ಕಾಲದಲ್ಲಿ, ಶಿಷ್ಯನು ತಪ್ಪಿಲ್ಲದೆ ಒಪ್ಪಿಸುವ ತನಕ ಗುರುವು ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲವಷ್ಟೆ. ಆ ಪದ್ಧತಿ ಈಗ ಎಲ್ಲಿ ಉಳಿದಿದೆಯೆಂದು ಕೇಳಿದರೆ, ಔಷಧದ ವಾಸನೆಯ ಈ ಮೊಗಸಾಲೆಯನ್ನು ತೋರಿಸಬಹುದು.

ಈ ದಿನ ಸಾಲಿನ ತಲೆಯಲ್ಲಿ ನಿಂತವರು ಒಬ್ಬ ಗಂಡ, ಒಬ್ಬ ಹೆಂಡತಿ. ಗಂಡ ಬೇಕರಿಯೊಂದರಲ್ಲಿ ಒಲೆ ನೋಡಿಕೊಳ್ಳುವವರು. ಬೀದಿಯವರೆಲ್ಲ ಒಲೆಯಣ್ಣ ಎನ್ನುತ್ತಾರೆ. ಮೂವತ್ತು ವರ್ಷ ಕಾದ ಟ್ರೇಗಳನ್ನು ಎಳೆದು ನೂಕಿದ ಆಳು. ಬಲ ಸೊಂಟದ ಕೀಲು ಸವೆದು ಹೋಗಿ, ಈಗ ಹೆಂಡತಿಯ ಹೆಗಲಿಲ್ಲದೆ ನಾಲ್ಕು ಹೆಜ್ಜೆ ಇಡಲಾರರು. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ನಾಳೆ ಬೆಳಿಗ್ಗೆಗೆ ನಿಗದಿಯಾಗಿದೆ. ಅದನ್ನು ಮಾಡುವ ವೈದ್ಯರು ಬೇರೆ ಊರಿನಿಂದ ತಿಂಗಳಿಗೊಮ್ಮೆ ಬರುವವರು. ನಡುವಿನ ಪಟ್ಟಿಗಳೆಲ್ಲ ತುಂಬಿರುವುದರಿಂದ, ನಾಳೆ ತಪ್ಪಿದರೆ ಮುಂದಿನ ಸರದಿ ನಾಲ್ಕು ತಿಂಗಳ ಆಚೆಗೆ. ಬೇಕರಿಯ ಯಜಮಾನರು ಒಲೆಗೆ ಬದಲಿ ಆಳನ್ನು ಇಟ್ಟುಕೊಂಡು, ತಿಂಗಳೆರಡು ತಿಂಗಳು ಕಾಯುತ್ತೇನೆ, ಅದಕ್ಕಿಂತ ಹೆಚ್ಚು ಆಗದು ಎಂದಿದ್ದಾರೆ. ವಿಮೆಯ ಒಪ್ಪಿಗೆ ಈ ಮಧ್ಯಾಹ್ನದೊಳಗೆ ಬಂದರೆ ನಾಳೆಯ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಒಪ್ಪಿಗೆ ಬರಬೇಕಾದರೆ ಬೆರಳಚ್ಚು ಹೊಂದಬೇಕು.

ಒಲೆಯಣ್ಣ ಹೆಬ್ಬೆರಳಿಟ್ಟರು. ಕೆಂಪು ದೀಪ. ತೋರುಬೆರಳಿಟ್ಟರು. ಮತ್ತೆ ಕೆಂಪು.

ತಿರುಗಿಹೇಳಕ್ಕ ಯಂತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೂರು ಸಲ ಬೆರಳು ಹೊಂದದಿದ್ದರೆ ಕಾರ್ಡು ಹದಿನೈದು ದಿನ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ದೊಡ್ಡ ಕಚೇರಿಗೆ ಹೋಗಿ ಕಣ್ಣಿನ ಗುರುತು ಕೊಟ್ಟು ಬಿಡಿಸಿಕೊಳ್ಳಬೇಕು. ಇನ್ನು ಉಳಿದಿರುವುದು ಒಂದೇ ಅವಕಾಶ. ಕೈ ತೋರಿಸಿ ಎಂದರು. ಒಲೆಯಣ್ಣ ಅಂಗೈ ಚಾಚಿದರು. ಬೆರಳ ತುದಿಗಳು ಬೆಂದು, ಸವೆದು, ಹೊಳೆಯುತ್ತಿದ್ದವು. ಸುಟ್ಟಗಾಯದ ಹೊಳಪಿನ ಮೇಲೆ ಹೊಸದಾಗಿ ಕೆಂಪಗೆ ತರಚಿದ ಗೀರುಗಳೂ ಇದ್ದವು.

"ಇದೇನಿದು ಅಣ್ಣಾ, ತರಚಿದೆ?"

ಉತ್ತರ ಹೆಂಡತಿಯಿಂದ ಬಂತು. ಯಂತ್ರ ಬೆರಳು ಹಿಡಿಯುವುದಿಲ್ಲವೆಂದರೆ ಕೈಯಲ್ಲಿ ಮಸಿ ಇರಬೇಕು ಎಂದು ಪಕ್ಕದ ಮನೆಯವರು ಹೇಳಿದ್ದರಂತೆ. "ನಿನ್ನೆ ಸಂಜೆಯೆಲ್ಲ ಕೂತು ಉಜ್ಜಿದ್ದೀನಿ ಅಕ್ಕಾ. ಟ್ರೇ ತಿಕ್ಕೋ ಉಕ್ಕಿನ ನಾರು ಇರುತ್ತಲ್ಲ, ಅದರಲ್ಲೇ. ಒಂದು ಚೂರು ಮಸಿ ಇಲ್ಲ, ಬೇಕಾದ್ರೆ ನೋಡಿ," ಎಂದು ಆಕೆ ಗಂಡನ ಕೈಯನ್ನು ತೊಳೆದಿಟ್ಟ ಪಾತ್ರೆಯಂತೆ ತಿರುವಿ ತೋರಿಸಿದರು.

"ಮಸಿ ಹೋಯ್ತಮ್ಮ," ಎಂದರು ಅಕ್ಕ, ನಗು ಬಂದರೂ ನಗದೆ. "ಮಸಿ ಜೊತೆ ಗುರುತೂ ಹೋಯ್ತು."

ಆಕೆಯ ಮುಖ ಬಾಡಿತು. ಅಕ್ಕ ಹೆಚ್ಚು ಮಾತು ಬೆಳೆಸಲಿಲ್ಲ. ಒಂದು ಒದ್ದೆ ಬಟ್ಟೆ ಕೊಟ್ಟು, ಬೆರಳುಗಳಿಗೆ ಸುತ್ತಿಕೊಂಡು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಿರಿ, ಒಣಗಿದ ಚರ್ಮ ಸ್ವಲ್ಪ ಮೆತ್ತಗಾಗಲಿ, ನಾನೇ ಕರೆಯುತ್ತೇನೆ ಎಂದರು. ಮನೆಗೆ ಹೋಗಿ ಎನ್ನಲಿಲ್ಲ. ಆಗುತ್ತದೆ ಎಂದೂ ಹೇಳಲಿಲ್ಲ. ಸಾಲು ಮುಂದೆ ಸರಿಯಿತು.

ಒಲೆಯಣ್ಣನ ಬೆರಳು ನೆನೆಯುವಷ್ಟರಲ್ಲಿ ಈ ವಿಮೆಯ ವಿಷಯ ಒಂದಿಷ್ಟು ತಿಳಿಯುವುದು ಒಳ್ಳೆಯದು. ಅದನ್ನು ಬಿಟ್ಟು ಅಕ್ಕನನ್ನು ತಿಳಿಯಲಾಗದು. ವಿಮೆಗೆ ಕುಟುಂಬವೊಂದು ವರ್ಷಕ್ಕೊಮ್ಮೆ ಕಟ್ಟಬೇಕಾದ ಕಂತು ಸುಮಾರು ಎರಡು ದಿನದ ಕೂಲಿಯಷ್ಟು. ತೀರ ಬಡವರಾದರೆ ಅದೂ ಇಲ್ಲ. ಸಂಬಳದವರದು ಸಂಬಳದಲ್ಲೇ ಕಡಿತವಾಗುತ್ತದೆ. ಹಾಗೆ ಕಡಿತವಾಗುತ್ತಿದೆಯೆಂದು ಅರ್ಧ ಜನಕ್ಕೆ ಗೊತ್ತೇ ಇಲ್ಲ. ಆಸ್ಪತ್ರೆಗೆ ಸೇರಿದರೆ ಶಸ್ತ್ರಚಿಕಿತ್ಸೆ, ಸಾಮಾನ್ಯ ವಾರ್ಡಿನ ಹಾಸಿಗೆ, ಊಟ, ಔಷಧ ವಿಮೆಯವು. ಒಟ್ಟು ಖರ್ಚಿನಲ್ಲಿ ನೂರಕ್ಕೆ ಐದರಷ್ಟು ಪಾಲು ರೋಗಿಯದು. ಅದೂ ಅವರ ಅರ್ಧ ತಿಂಗಳ ದುಡಿಮೆಯನ್ನು ಮೀರುವಂತಿಲ್ಲ. ಹೆರಿಗೆಗೆ ಆ ಪಾಲೂ ಇಲ್ಲ. ಕಣ್ಣಿನ ಪೊರೆ ತೆಗೆಸುವುದು ವಿಮೆಯೊಳಗೆ. ಆಮೇಲೆ ಕೊಳ್ಳುವ ಕನ್ನಡಕ ಹೊರಗೆ. ಹಲ್ಲು ಕೀಳುವುದು ಒಳಗೆ, ಕಟ್ಟಿಸುವುದು ಹೊರಗೆ. ಈ ಕೊನೆಯ ನಿಯಮವನ್ನು ಹೇಳುವಾಗ ಅಕ್ಕ ಸ್ವರ ತಗ್ಗಿಸುತ್ತಾರೆ. ಬೊಚ್ಚುಬಾಯಿಯ ಮುದುಕರೊಬ್ಬರು ಅದನ್ನು ಕೇಳಿ, ಕಿತ್ತುಕೊಳ್ಳುವುದರಲ್ಲಿ ಸರ್ಕಾರ ಯಾವತ್ತೂ ಮುಂದೆ ತಾನೇ ಎಂದು ಇಡೀ ಸಾಲನ್ನು ನಗಿಸಿ ಹೋಗಿದ್ದರಂತೆ.

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಪ್ರಾಚೀನ ವೈದ್ಯರು ಹೇಳಿದರು: ವೈದ್ಯ, ಮದ್ದು, ಶುಶ್ರೂಷೆ ಮಾಡುವವರು, ರೋಗಿ. ನಾಲ್ಕರಲ್ಲಿ ಒಂದು ಕುಂಟಿದರೂ ಚಿಕಿತ್ಸೆ ನಡೆಯದು. ಅವರ ಕಾಲದಲ್ಲಿ ಮೂರನೆಯ ಕಿಟಕಿ ಇರಲಿಲ್ಲ. ಇದ್ದಿದ್ದರೆ ಐದನೆಯ ಪಾದವೊಂದನ್ನು ಅವರು ಖಂಡಿತ ಸೇರಿಸುತ್ತಿದ್ದರು. ವೈದ್ಯರಿದ್ದಾರೆ, ಮದ್ದಿದೆ, ದಾದಿಯರಿದ್ದಾರೆ, ರೋಗಿಯೂ ಬಂದಿದ್ದಾನೆ. ಆದರೆ ಖರ್ಚಿಗೆ ಹೆದರಿ ಬಾಗಿಲಿನಿಂದಲೇ ಹಿಂದಿರುಗುತ್ತಾನೆ. ಅಂಥವನ ತೋಳು ಹಿಡಿದು ನಿಲ್ಲಿಸುವ ಕೈ ಇಲ್ಲಿದೆ.

ಆ ಕೈ ಮೊದಲು ಟೆಲಿಫೋನು ಹಿಡಿದಿತ್ತು. ಮದುವೆಗೆ ಮುಂಚೆಯೇ ಒಂದು ಪಾರ್ಸೆಲ್ ಕಂಪನಿಯಲ್ಲಿ ದೂರವಾಣಿ ನಿರ್ವಾಹಕಿಯಾಗಿ ಸೇರಿದವರು ಅವರು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಊರೂರಿನ ವಿಳಾಸಗಳನ್ನು ಕೇಳಿ ಬರೆದುಕೊಳ್ಳುವುದು ಕೆಲಸ. ಒಂದು ಮನೆ ಸಂಖ್ಯೆ ತಪ್ಪಿದರೆ ಪೆಟ್ಟಿಗೆ ಎತ್ತಲಿಗೋ ಹೋಗುತ್ತಿತ್ತು. ಆದ್ದರಿಂದ ಬರೆದುಕೊಂಡ ಪ್ರತಿ ವಿಳಾಸವನ್ನೂ ಈ ತುದಿಯವರು ಓದಿ ಹೇಳಿ, ಆ ತುದಿಯವರಿಂದ ತಿರುಗಿ ಹೇಳಿಸುವುದು ಅಲ್ಲಿನ ಕಟ್ಟಪ್ಪಣೆಯಾಗಿತ್ತು. ಹದಿನೇಳು ವರ್ಷದ ಆ ಅಭ್ಯಾಸ ನಾಲಗೆಗೆ ಅಂಟಿಕೊಂಡಿತು. ಕಾಲ ಬದಲಾಗಿ ಕಂಪನಿ ದೂರವಾಣಿ ಕೋಣೆಯನ್ನು ಮುಚ್ಚಿದಾಗ ಕೆಲಸ ಹೋಯಿತು; ಅಭ್ಯಾಸ ಉಳಿಯಿತು. ಎರಡು ವರ್ಷ ಮನೆಯಲ್ಲೇ ಹೊಲಿಗೆ ಹಾಕಿದರು. ಆಮೇಲೆ ಗುತ್ತಿಗೆಯ ಮೇಲೆ ಈ ಕುರ್ಚಿ ಸಿಕ್ಕಿತು. ಗುತ್ತಿಗೆ ಇವತ್ತಿಗೂ ವರ್ಷ ವರ್ಷ ಬರೆಯುವಂಥದ್ದೇ. "ಪೆಟ್ಟಿಗೆ ದಾರಿ ತಪ್ಪಿದ್ರೆ ವಾಪಸ್ ಬರ್ತಿತ್ತು," ಎಂದು ಅವರು ಒಮ್ಮೆ ಹೇಳಿದರು. "ಇಲ್ಲಿ ಮನುಷ್ಯ ದಾರಿ ತಪ್ಪಿದ್ರೆ ವಾಪಸ್ ಬರಲ್ಲ. ಮನೇಲಿ ನೋವು ನುಂಗಿಕೊಂಡು ಕೂತುಬಿಡ್ತಾನೆ."

ದಿನಕ್ಕೆ ನೂರರಿಂದ ನೂರಿಪ್ಪತ್ತು ಜನ ಈ ಕಿಟಕಿಗೆ ಬರುತ್ತಾರೆ. ಒಬ್ಬೊಬ್ಬರಿಗೂ ಹೇಳಿ, ಒಬ್ಬೊಬ್ಬರಿಂದಲೂ ಹೇಳಿಸಿ, ಸಂಜೆಯ ಹೊತ್ತಿಗೆ ಗಂಟಲು ಕರಕಲಾಗಿರುತ್ತದೆ. ಗಾಜಿನ ತೂತು ನಿಂತವರ ಎತ್ತರಕ್ಕಿದೆ. ಅಕ್ಕ ಕುರ್ಚಿಯಿಂದ ಅರ್ಧ ಎದ್ದು ಕತ್ತು ಚಾಚಬೇಕು, ಗಾಲಿಕುರ್ಚಿಯಲ್ಲಿ ಕೂತ ರೋಗಿ ಕೆಳಗಿನಿಂದ ಕತ್ತೆತ್ತಬೇಕು. ಹೀಗೆ ಎರಡು ಕತ್ತುಗಳು ನೋಯುತ್ತವೆ. ತಾವು ಮಾಡದ ನಿಯಮಗಳಿಗೆ ಬೈಗುಳ ತಿನ್ನುವುದು ನಿತ್ಯದ ಪಾಡು. ಬೇಸರವಾಗುವುದಿಲ್ಲವೇ ಎಂದರೆ, ಮೊದಮೊದಲು ಮನೆಗೆ ಹೋಗಿ ಅಳುತ್ತಿದ್ದೆ, ಈಗ ಬೈದವರಿಂದಲೂ ತಿರುಗಿ ಹೇಳಿಸುತ್ತೇನೆ ಎನ್ನುತ್ತಾರೆ. ಬೈದು ಮುಗಿಸಿದ ಮನುಷ್ಯನಿಗೆ ಗಮನ ಚೆನ್ನಾಗಿರುತ್ತದಂತೆ.

ಇವರ ಪತಿ ಇದೇ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕಟ್ಟಡದಲ್ಲಿ ಇಸ್ತ್ರಿಯ ದೊಡ್ಡ ಯಂತ್ರ ನಡೆಸುತ್ತಾರೆ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಡೆದು ಬಂದು ಗೇಟಿನ ಬಳಿ ಬೇರೆಯಾಗುತ್ತಾರೆ. ನಾನು ಹಾಸಿಗೆಯ ಬಟ್ಟೆ ಮಡಿಸುತ್ತೇನೆ, ಇವಳು ಮಾತು ಮಡಿಸಿ ಜನರ ಕೈಗೆ ಕೊಡುತ್ತಾಳೆ ಎಂಬುದು ಅವರ ಮಾತು. ಮನೆಯಲ್ಲಿ ಇನ್ನೊಬ್ಬರು ಇದ್ದಾರೆ: ಅತ್ತೆ. ಎಂಬತ್ತರ ಹತ್ತಿರದ ಹಿರಿಯ ಜೀವ. ಎರಡು ಕಿವಿಯೂ ಮಂದ. ವಿಮೆ ಶ್ರವಣಯಂತ್ರವನ್ನು ಒಂದು ಕಿವಿಗೆ ಮಾತ್ರ ಕೊಡುತ್ತದೆ. ಅದರ ಬ್ಯಾಟರಿಯನ್ನು ತಾವೇ ಕೊಳ್ಳಬೇಕು. ಸೊಸೆಯೇ ಮುಂದೆ ನಿಂತು ಕೊಡಿಸಿದ ಯಂತ್ರವನ್ನು ಹಾಕಿಕೊಂಡು ಅತ್ತೆ ಆಡುವ ಮಾತು ಓಣಿಗೆಲ್ಲ ಗೊತ್ತು: "ಸರ್ಕಾರಕ್ಕೆ ನನ್ನ ಒಂದು ಕಿವಿ ಸಾಕಂತೆ. ಇನ್ನೊಂದು ಕಿವಿ ಸೊಸೆ ಉಪದೇಶಕ್ಕೆ ಅಂತ ಬಿಟ್ಟಿದ್ದಾರೆ, ಅದರಲ್ಲಿ ಏನೂ ಕೇಳ್ಸಲ್ಲ." ಉಪದೇಶ ಮಿತಿಮೀರಿದರೆ ಅತ್ತೆ ಬ್ಯಾಟರಿಯನ್ನೇ ತೆಗೆದು ಸೆರಗಿನ ಗಂಟಿಗೆ ಹಾಕುತ್ತಾರೆ. ಉಳಿತಾಯ ಎಂದು ಅದಕ್ಕೆ ಹೆಸರು.

ಹೊತ್ತು ಏರಿದೆ. ಮೊಗಸಾಲೆಯ ನೆಲದ ಮೇಲೆ ಬಿಸಿಲಿನ ಪಟ್ಟಿ ಬೆಂಚಿನ ಕಾಲಿನವರೆಗೆ ಬಂದಿದೆ. ತಿರುಗಿಹೇಳಕ್ಕ ಸಾಲಿಗೆ ಒಂದು ನಿಮಿಷ ತಡೆಯಲು ಹೇಳಿ ಒಲೆಯಣ್ಣನನ್ನು ಕರೆಯುತ್ತಾರೆ. ಬಟ್ಟೆ ಬಿಚ್ಚಿದ ಬೆರಳುಗಳು ಬಿಳಿಚಿಕೊಂಡಿವೆ, ಮೆತ್ತಗಾಗಿವೆ. ಗೆರೆಗಳು ಮಾತ್ರ ಮೂಡಿಲ್ಲ. ನೋಂದಣಿಯ ದಿನ ಹತ್ತು ಬೆರಳನ್ನೂ ತೆಗೆದುಕೊಂಡಿರುತ್ತಾರೆ, ಆದ್ದರಿಂದ ಹತ್ತರಲ್ಲಿ ಯಾವುದಾದರೂ ನಡೆಯುತ್ತದೆ ಎಂಬುದು ಅಕ್ಕನಿಗೆ ಗೊತ್ತು. ಆದರೆ ಹತ್ತರಲ್ಲಿ ಯಾವುದು? ಬಲಗೈಯಲ್ಲಿ ಯಾವುದನ್ನು ನೋಡಿದರೂ ಉಜ್ಜಿದ ಟ್ರೇಯಂತೆ ನುಣುಪು; ಹೆಂಡತಿಯ ಹೆಗಲ ಮೇಲಿರುವ ಎಡಗೈಯೂ ಹಾಗೇ ಇರಬೇಕು. ಕಣ್ಣುಮುಚ್ಚಿ ಒಂದನ್ನು ಆರಿಸಲು ಅವರ ಮನಸ್ಸು ಒಪ್ಪುವುದಿಲ್ಲ. ಯಂತ್ರವನ್ನು ಅವರು ಮುಂದೆ ತಳ್ಳುವುದಿಲ್ಲ.

ಬದಲಾಗಿ, ಇದ್ದ ಪದ್ಧತಿಗೇ ತಿರುಗುತ್ತಾರೆ. ಒಪ್ಪಿಗೆ ಬರಲಿ ಬಿಡಲಿ, ಹೇಳಬೇಕಾದ್ದನ್ನು ಹೇಳಲೇಬೇಕಲ್ಲ. ಕೀಲಿನ ಶಸ್ತ್ರಚಿಕಿತ್ಸೆಗೆ ವಿಮೆಯಲ್ಲಿ ಏನೇನಿದೆ, ಏನೇನಿಲ್ಲ ಎಂದು ನಿಧಾನವಾಗಿ ವಿವರಿಸುತ್ತಾರೆ. ಗಂಡ ಹೆಂಡಿರಿಬ್ಬರೂ ತಲೆಯಾಡಿಸುತ್ತಾರೆ. ಗಂಡನ ಕಣ್ಣೆಲ್ಲ ಯಂತ್ರದ ಮೇಲೆ.

"ಈಗ ತಿರುಗಿ ಹೇಳಿ ಅಣ್ಣಾ. ಮೊದಲು ಇಲ್ಲದ್ದು."

ಒಲೆಯಣ್ಣ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಬೇರೆ ರೂಮು ಇಲ್ಲ. ಹೊರಗಿಂದ ತರಿಸೋ ಬೆಲೆಬಾಳೋ ಕೀಲು ಇಲ್ಲ, ಇಲ್ಲಿ ಕೊಡೋದೇ. ಆಮೇಲೆ ಹಿಡಿದು ನಡೆಯೋ ಕೋಲು ಇಲ್ಲ. ಜೊತೇಲಿ ಇಬ್ಬರು ಇದ್ರೆ ಇಬ್ಬರಿಗೂ ಊಟ ಇಲ್ಲ, ಒಬ್ಬರಿಗೆ ಮಾತ್ರ."

"ನಾನೊಬ್ಬಳೇ ಇರ್ತೀನಿ," ಎನ್ನುತ್ತಾರೆ ಹೆಂಡತಿ. "ನಿಮ್ಮ ತಂಗಿ ಬಂದ್ರೆ ಅವಳ ಬುತ್ತಿ ಅವಳೇ ತರಲಿ."

"ಸರಿ. ಈಗ ಇರೋದು ಹೇಳಿ."

ಇರುವುದನ್ನು ಹೇಳಲು ಅವರು ಎಡಗೈ ಎತ್ತುತ್ತಾರೆ. ಲೆಕ್ಕ ತಪ್ಪಬಾರದೆಂದು ಒಂದೊಂದೇ ಬೆರಳು ಮಡಿಸುತ್ತಾರೆ. ಆಪರೇಷನ್ನು ಎಂದು ಹೆಬ್ಬೆರಳು. ಕೀಲು ಎಂದು ತೋರುಬೆರಳು. ಹಾಸಿಗೆ, ಊಟ ಎಂದು ನಡುಬೆರಳು. ಮನೆಗೆ ಹೋದ ಮೇಲೂ ಹದಿನೈದು ದಿನದ ಮಾತ್ರೆ ಎನ್ನುವಾಗ ನಾಲ್ಕನೆಯ ಬೆರಳು ಮಡಿಸಬೇಕಿತ್ತು. ಅದು ಮಡಿಸಿಕೊಳ್ಳುವುದಿಲ್ಲ, ಉಳಿದವುಗಳಿಂದ ದೂರವಾಗಿ ನೆಟ್ಟಗೆ ನಿಂತುಬಿಡುತ್ತದೆ. ಅದರ ಬುಡದಲ್ಲಿ, ಊದಿದ ಗೆಣ್ಣಿನ ಕೆಳಗೆ ಸಿಕ್ಕಿಕೊಂಡಂತೆ ಒಂದು ತೆಳು ಉಂಗುರ. ಒಲೆಯಣ್ಣ ಅದನ್ನು ಹಾಗೇ ಬಿಟ್ಟು ಕಿರುಬೆರಳು ಮಡಿಸಿ, ಮನೆಗೆ ಹೋಗಲು ಒಂದು ಸಲದ ಬಸ್ ಖರ್ಚು ಎಂದು ಲೆಕ್ಕ ಮುಗಿಸುತ್ತಾರೆ.

ಅಕ್ಕ ಕುರ್ಚಿಯಿಂದ ಅರ್ಧ ಎದ್ದಿದ್ದಾರೆ. "ಆ ಬೆರಳು ಯಾಕಣ್ಣಾ ಹಾಗೆ ನಿಲ್ಲುತ್ತೆ?"

ಅದಕ್ಕೂ ಉತ್ತರಿಸುವವರು ಹೆಂಡತಿಯೇ. "ಅದು ಮದುವೆಯಾದಾಗಿಂದ ಹಾಗೇ ಅಕ್ಕಾ. ಟೀ ಲೋಟ ಹಿಡಿದ್ರೂ ಹಾಗೇ, ದೊಡ್ಡ ಮನುಷ್ಯರ ಥರ. ಅಳಿಯಂದಿರಿಗೆ ಬೆರಳಲ್ಲೂ ಗತ್ತು ಅಂತ ನಮ್ಮಮ್ಮ ನಗೋರು."

"ಗತ್ತಲ್ಲ, ಉಂಗುರ," ಎನ್ನುತ್ತಾರೆ ಒಲೆಯಣ್ಣ, ನೆಲ ನೋಡುತ್ತಾ. "ಕಾದ ಟ್ರೇಗೆ ತಾಗಿದ್ರೆ ಉಂಗುರ ಕಾದು ಬೆರಳಿಗೇ ಸುಡುತ್ತೆ. ಮೊದಲನೇ ವಾರಾನೇ ಸುಟ್ಟುಕೊಂಡೆ. ತೆಗೆದಿಟ್ಟು ಬಾ ಅಂದ್ರು ಯಜಮಾನ್ರು. ನೀನು ಹಾಕಿದ ಉಂಗುರ, ತೆಗೆಯಕ್ಕೆ ಮನಸ್ಸು ಬರಲಿಲ್ಲ. ಬೆರಳನ್ನೇ ದೂರ ಇಟ್ಟುಕೊಂಡೆ. ಅದೇ ಅಭ್ಯಾಸ ಆಯ್ತು."

ಹೆಂಡತಿ ಆ ಉಂಗುರವನ್ನು ಮುಟ್ಟಿ ನೋಡುತ್ತಾರೆ. "ಇಷ್ಟು ವರ್ಷ ಹೇಳಲೇ ಇಲ್ವಲ್ಲ ರೀ," ಎನ್ನುತ್ತಾರೆ.

"ನೀನು ಕೇಳಲಿಲ್ಲ. ನಿಮ್ಮಮ್ಮನ ಜೊತೆ ಸೇರಿಕೊಂಡು ನಕ್ಕೆ."

ಅಕ್ಕ ಗಾಜಿನ ಕೆಳಗಿನ ಸಂದಿಯಿಂದ ಕೈ ಹೊರಗೆ ಚಾಚಿ ಆ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸುತ್ತಾರೆ. ಮೂವತ್ತು ವರ್ಷ ಬೆಂಕಿಯಿಂದ ದೂರ ನಿಂತ ತುದಿ. ಮಸಿ ಹಿಡಿಯದ್ದರಿಂದ ನಿನ್ನೆ ಉಕ್ಕಿನ ನಾರಿನ ಕೈಗೂ ಸಿಕ್ಕಿಲ್ಲ. ಅದರ ಮೇಲೆ ಗೆರೆಗಳು, ನಿಂತ ನೀರಿಗೆ ಹನಿ ಬಿದ್ದಾಗ ಏಳುವ ಅಲೆಗಳಂತೆ, ಒಂದರೊಳಗೊಂದು ಸುತ್ತಿಕೊಂಡು ತುಂಬಿವೆ. ಸಂಸ್ಕೃತದಲ್ಲಿ ಈ ಬೆರಳನ್ನು ಅನಾಮಿಕೆಯೆಂದು ಕರೆದರು. ಹೆಸರಿಲ್ಲದ್ದು ಎಂಬುದೇ ಅದರ ಹೆಸರು. ಒಬ್ಬ ಮನುಷ್ಯನ ಹೆಸರನ್ನು ಇಂದು ಕಾಯಬೇಕಾದದ್ದು ಅದೇ.

ಯಂತ್ರವನ್ನು ಒರೆಸಿ ಮುಂದೆ ಇಡುತ್ತಾರೆ. ಬೆರಳನ್ನು ಚಪ್ಪಟೆಯಾಗಿ ಇಡಿ, ಒತ್ತಬೇಡಿ, ಉಸಿರು ಬಿಡಿ ಎಂದು ಮೆಲ್ಲನೆ ಹೇಳುತ್ತಾರೆ. ಒಲೆಯಣ್ಣ ಬೆರಳಿಡುತ್ತಾರೆ. ಸಾಲಿನಲ್ಲಿ ಬಯ್ಯುತ್ತಿದ್ದವರೂ ಬಯ್ಯುವುದನ್ನು ನಿಲ್ಲಿಸಿ ಕತ್ತು ಉದ್ದ ಮಾಡಿದ್ದಾರೆ. ದೀಪ ಒಂದು ಕ್ಷಣ ಏನೂ ಆಗದೆ ಯೋಚಿಸುತ್ತದೆ.

ಹಸಿರು.

ಹೆಂಡತಿ ಗಾಜಿಗೆ ಹಣೆಯಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ. ಸಾಲಿನಿಂದ ಯಾರೋ, ಇನ್ನಾದರೂ ಆ ಬೆರಳಿಗೆ ಒಂದು ಲೋಟ ಟೀ ಕುಡಿಸಮ್ಮ ಎನ್ನುತ್ತಾರೆ, ನಗು ಹರಡುತ್ತದೆ. ಅಕ್ಕ ಮಾತ್ರ ಒಪ್ಪಿಗೆಯ ಕೋರಿಕೆಯನ್ನು ಕಳಿಸಿ, ಒಲೆಯಣ್ಣನತ್ತ ತಿರುಗಿ, ತಮ್ಮ ಎಂದಿನ ಸ್ವರದಲ್ಲೇ ಕೇಳುತ್ತಾರೆ: "ನಿಮ್ಮ ಕೈಯಿಂದ ಎಷ್ಟು ಬೀಳುತ್ತೆ, ಅದನ್ನ ಹೇಳಲಿಲ್ಲ. ಹಸಿರು ಬಂತು ಅಂತ ಪಾಠ ಮುಗೀಲಿಲ್ಲ ಅಣ್ಣಾ."

"ನೂರಕ್ಕೆ ಐದು," ಎನ್ನುತ್ತಾರೆ ಅವರು. "ಎಷ್ಟೇ ಬೆಳೆದ್ರೂ ಅರ್ಧ ತಿಂಗಳ ಸಂಬಳ ದಾಟಲ್ಲ."

"ಸರಿಯಾಯ್ತು. ಹೋಗಿ ಬನ್ನಿ."

ಮಧ್ಯಾಹ್ನಕ್ಕೆ ಮುಂಚೆ ಒಪ್ಪಿಗೆ ಬಂದಿತು. ಆ ಸಂಜೆ ಮನೆಯಲ್ಲಿ ಅತ್ತೆಗೆ ಈ ಕಥೆಯನ್ನು ಹೇಳಿದಾಗ, ಅವರು ಬ್ಯಾಟರಿ ತೆಗೆಯದೆ ಕೊನೆಯ ತನಕ ಕೇಳಿದರಂತೆ. ಕೇಳಿ, ಅಷ್ಟು ವರ್ಷದ ಉಂಗುರಕ್ಕೂ ವಿಮೆ ಇದೆಯೇನೇ ಎಂದರಂತೆ. ಇಲ್ಲ ಅತ್ತೆ, ಉಂಗುರವೇ ವಿಮೆಯಾಯಿತು ಎಂದು ಸೊಸೆ ಉತ್ತರ ಕೊಟ್ಟರಂತೆ. ಮರುದಿನ ಶಸ್ತ್ರಚಿಕಿತ್ಸೆಗೆ ಮುಂಚೆ ಆ ಉಂಗುರ ತೆಗೆಯಲು ದಾದಿ ಸೋಪು, ಎಣ್ಣೆ ಎಲ್ಲ ಹಚ್ಚಿ ನೋಡಿ, ಸೋತು, ಅದರ ಮೇಲೊಂದು ಪಟ್ಟಿ ಸುತ್ತಿ ಒಳಗೆ ಕಳಿಸಿದರು. ಒಲೆಯಣ್ಣ ಮಲಗಿದ ಹಾಸಿಗೆಯ ಬಿಳಿಯ ಬಟ್ಟೆ ಯಾರ ಕೈಯಲ್ಲಿ ಇಸ್ತ್ರಿಯಾಗಿ ಬಂದದ್ದೆಂದು ಅವರಿಗೆ ತಿಳಿಯದು. ತಿಳಿಯಬೇಕೆಂದು ಇಸ್ತ್ರಿಯವರೂ ಬಯಸುವುದಿಲ್ಲ.

ಎಂಟನೆಯ ದಿನ. ಅದೇ ಮೊಗಸಾಲೆ, ಅದೇ ಬೆಂಚು. ಒಲೆಯಣ್ಣ ಎರಡು ಕೋಲೂರಿಕೊಂಡು, ಒಂದೊಂದೇ ಹೆಜ್ಜೆಯನ್ನು ತೂಗಿ ಇಡುತ್ತ ಮೂರನೆಯ ಕಿಟಕಿಗೆ ಬರುತ್ತಾರೆ. ವಿಮೆ ಕೊಡದ ಕೋಲುಗಳನ್ನು ಬೇಕರಿಯ ಗೆಳೆಯರು ಕೊಟ್ಟಿದ್ದಾರೆ. ಒಲೆಯೊಳಗೆ ಬ್ರೆಡ್ಡು ತಳ್ಳುವ ಹಲಗೆಯ ಉದ್ದನೆಯ ಮರದ ಹಿಡಿಗಳನ್ನು ಕೊಯ್ದು, ತುದಿಗೆ ರಬ್ಬರು ಬಿಗಿದು ಮಾಡಿದ ಕೋಲುಗಳು. ನಡಿಗೆ ಕಲಿಸುವವರು ಎತ್ತರ ಅಳೆದು ಒಪ್ಪಿದ್ದಾರೆ. ಹಿಡಿದ ಕಡೆ ಇನ್ನೂ ಸುಟ್ಟ ಕಲೆಗಳಿವೆ. ಮನೆಗೆ ಹೊರಡುವಾಗಲೂ ಬೆರಳಚ್ಚು ಕೊಡಬೇಕು. ಅಕ್ಕ ಯಂತ್ರ ಮುಂದೆ ತಳ್ಳುವ ಮೊದಲೇ ಅವರು ಕೋಲನ್ನು ಕಂಕುಳಿಗೆ ಒತ್ತಿ, ಆ ಒಂದು ಬೆರಳನ್ನು ನೆಟ್ಟಗೆ ಹಿಡಿದು ನಿಂತಿದ್ದಾರೆ. ಹಸಿರು ಬರುತ್ತದೆ. ಇನ್ನೊಂದು ತಿಂಗಳಿಗೆ ಒಲೆಯ ಮುಂದೆ ನಿಲ್ಲಬಹುದು, ಭಾರ ಎತ್ತುವುದು ಬೇಡ ಎಂದಿದ್ದಾರಂತೆ ವೈದ್ಯರು. ಎತ್ತಲು ಬದಲಿ ಆಳು ಇರಲಿ, ಹದ ನೋಡಲು ನೀನು ಬಾ ಎಂದಿದ್ದಾರಂತೆ ಯಜಮಾನರು.

"ಮಾತ್ರೆ ಎಷ್ಟು ದಿನ? ತಿರುಗಿ ಹೇಳಿ," ಎನ್ನುತ್ತಾರೆ ಅಕ್ಕ.

ಒಲೆಯಣ್ಣ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹದಿನೈದು ದಿನದ ಮಾತ್ರೆಯಿಂದ ಹಿಡಿದು ಬಸ್ ಖರ್ಚಿನವರೆಗೆ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ, ಇಲ್ಲದ್ದನ್ನೇ ಮೊದಲು ಮಾಡಿ. ಒಂದೂ ತಪ್ಪಿಲ್ಲ. ಕೀಲು ನನ್ನದು, ಬಾಯಿ ಮಾತ್ರ ಇವಳದು ಎಂದು ಗಂಡ ಗೊಣಗುತ್ತಾರೆ.

ಅವರು ಬಸ್ಸಿಗೆ ಹೊತ್ತಾಗಲೆಂದು ಬೆಂಚಿನ ಕಡೆ ಸರಿದ ಮೇಲೆ, ಈ ಕೆಲಸದಲ್ಲಿ ಇನ್ನೇನಾದರೂ ಬಯಕೆಯಿದೆಯೇ ಎಂದು ಅಕ್ಕನನ್ನು ಕೇಳಲಾಗುತ್ತದೆ. ಕೆಲಸ ಕಾಯಂ ಆಗಲಿ ಎನ್ನಬಹುದೆಂದು ಯಾರಾದರೂ ಎಣಿಸಬಹುದು. ಅವರು ಗಾಜಿನ ತೂತಿನತ್ತ ಬೆರಳು ಮಾಡುತ್ತಾರೆ. "ಇದು ಒಂದು ಗೇಣು ಕೆಳಗೆ ಬಂದ್ರೆ ಸಾಕು. ಕೂತವರ ಬಾಯಿ ಎಲ್ಲಿರುತ್ತೋ ಅಲ್ಲಿಗೆ. ಬಡಗಿ ಅಣ್ಣನಿಗೆ ಹೇಳಿದ್ದೀನಿ. ಅವನಿಂದ ತಿರುಗಿ ಹೇಳಿಸಿದ್ದೀನಿ ಕೂಡ. ಮಾಡ್ತಾನೆ."

ಅಷ್ಟರಲ್ಲಿ ಅವರು ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡುತ್ತಾರೆ. ಗಾಜಿನ ಆಚೆ, ಬೆಂಚಿನ ಮೇಲೆ, ಒಲೆಯಣ್ಣನ ಹೆಂಡತಿ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೆ ಏನೋ ಹೇಳುತ್ತಿದ್ದಾರೆ. ಆ ಹೆಂಗಸಿನ ಮಡಿಲಲ್ಲಿ ವೈದ್ಯರ ಚೀಟಿ ಇದೆ. ಆಪರೇಷನ್ನು ಎಂದಿದ್ದಾರೆ, ಅಷ್ಟು ಎಲ್ಲಿಂದ ತರುವುದು, ಮನೆಗೆ ಹೋಗಿಬಿಡೋಣವೆಂದಿದ್ದೇನೆ ಎನ್ನುತ್ತಿದ್ದವರು ಆಕೆ. ಒಲೆಯಣ್ಣನ ಹೆಂಡತಿ ಆಕೆಯ ಕೈಹಿಡಿದು ನೂರಕ್ಕೆ ಐದರ ಮಾತು, ಅರ್ಧ ತಿಂಗಳ ಮಿತಿಯ ಮಾತು, ಬೇರೆ ರೂಮಿಲ್ಲದ ಮಾತು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಹೇಳಿ ಮುಗಿಸಿ, ಸೆರಗು ಸರಿಮಾಡಿಕೊಂಡು, ತುಸು ಬಿಗುವಿನಿಂದಲೇ ಕೇಳುತ್ತಾರೆ: "ಎಲ್ಲಿ, ಈಗ ತಿರುಗಿ ಹೇಳಿ ನೋಡೋಣ. ಮೊದಲು ಇಲ್ಲದ್ದು."

ಆ ಹೆಂಗಸು ತಡವರಿಸುತ್ತ ಒಪ್ಪಿಸುತ್ತಾರೆ. ತಿರುಗಿಹೇಳಕ್ಕ ಗಾಜಿನ ತೂತಿಗೆ ಕಿವಿಯಿಟ್ಟು, ಕೊನೆಯ ಮಾತಿನವರೆಗೂ ಕೇಳುತ್ತಾರೆ. ಆಮೇಲೆ ಕುರ್ಚಿಯಲ್ಲಿ ಸರಿಯಾಗಿ ಕೂತುಕೊಳ್ಳುತ್ತಾರೆ.

"ತಪ್ಪಿಲ್ಲ," ಎನ್ನುತ್ತಾರೆ, ಮತ್ತು ಸಾಲಿನಲ್ಲಿ ಮುಂದಿನವರನ್ನು ಕರೆಯುತ್ತಾರೆ.